ಅಳಿಸಿಹೋದ ಫೈಲು ಮರಳಿ ಸಿಗುವುದೇ?



ಮನೆಯ ಕಂಪ್ಯೂಟರಿನಲ್ಲಿ ಬೇಕಾದ ಫೈಲೊಂದು ಕೈತಪ್ಪಿ ಅಳಿಸಿಹೋದರೆ ಅದು ಮರಳಿ ಸಿಗುವುದೇ? ಸಿಗುವುದಾದರೆ ಹೇಗೆ? ಸಿಗದಿದ್ದರೆ ಏಕೆ? ಸಂವಾದದ ಅಲ್ಪ ಅವಧಿಯಲ್ಲಿ ತೆರೆಯ ಮೇಲೆ ಹೇಳಿ ಮುಗಿಸಲಾಗದ ವಿಷಯ ಇದು. ನಿಧಾನವಾಗಿ ಓದಿಕೊಳ್ಳಲು, ಅಗತ್ಯ ಬಿದ್ದಾಗ ಮತ್ತೆ ತೆಗೆದು ನೋಡಲು ಅನುಕೂಲವಾಗಲೆಂದು ಇಲ್ಲಿ ವಿವರವಾಗಿ ಕೊಡಲಾಗಿದೆ.

ಬೆಳಗಾವಿ ಜಿಲ್ಲೆಯ ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ಊರುಗಳನ್ನೇ ಉದಾಹರಣೆಗೆ ತೆಗೆದುಕೊಳ್ಳೋಣ. ಇಂಥ ಊರುಗಳಲ್ಲಿ ಮನೆಯ ಕಂಪ್ಯೂಟರೆಂದರೆ ಮಕ್ಕಳ ಆಟದ ಸಾಮಾನಷ್ಟೇ ಅಲ್ಲ. ಹತ್ತಿ ವ್ಯಾಪಾರಿಯ ಕಿರ್ದಿ-ಖತಾವಣಿ, ನೇಕಾರರ ಮನೆಯ ಸೀರೆ ಅಂಚಿನ ವಿನ್ಯಾಸ, ಯಲ್ಲಮ್ಮನ ಜಾತ್ರೆಯ ಕರಪತ್ರ, ಶಾಲೆಯ ಮೇಷ್ಟ್ರು ವರ್ಷಗಟ್ಟಲೆ ಕೂಡಿಸಿದ ಪ್ರಶ್ನೆಪತ್ರಿಕೆಗಳು, ತೀರಿಹೋದ ಅಜ್ಜಿಯ ಒಂದೇ ಒಂದು ಫೋಟೊ, ಇವೆಲ್ಲ ಈಗ ಆ ಪೆಟ್ಟಿಗೆಯೊಳಗೇ ಇರುತ್ತವೆ. ಒಂದು ಗುಂಡಿ ತಪ್ಪಿ ಒತ್ತಿದರೆ ಹೋಗುವುದು ಇಂಥದ್ದೇ. ಹೆಚ್ಚಿನ ನೆರವು ಬೇಕೆಂದರೆ ಬೆಳಗಾವಿಗೋ ಧಾರವಾಡ-ಹುಬ್ಬಳ್ಳಿಗೋ ಬಸ್ಸು ಹತ್ತಬೇಕು. ಆದರೆ ಬಸ್ಸು ಹತ್ತುವುದಕ್ಕೆ ಮುಂಚೆಯೇ, ಅಂದರೆ ಫೈಲು ಹೋದ ಮೊದಲ ಕೆಲವು ನಿಮಿಷಗಳಲ್ಲಿ ನೀವು ಏನು ಮಾಡುತ್ತೀರಿ ಮತ್ತು ಏನು ಮಾಡದೆ ಬಿಡುತ್ತೀರಿ ಎಂಬುದರ ಮೇಲೆ ಅರ್ಧ ಫಲಿತಾಂಶ ನಿರ್ಧಾರವಾಗಿಬಿಟ್ಟಿರುತ್ತದೆ. ಈ ಲೇಖನದ ಮುಖ್ಯ ಮಾತು ಅದೇ.

ಅಳಿಸುವುದೆಂದರೆ ಏನು?

ಹೊಲ ಮತ್ತು ಉತಾರದ ಲೆಕ್ಕದಲ್ಲಿ ಹೇಳಿದರೆ ಇದು ಬೇಗ ಅರ್ಥವಾಗುತ್ತದೆ. ಕಂಪ್ಯೂಟರಿನ ಡಿಸ್ಕನ್ನು ಒಂದು ಊರಿನ ಎರೆ ಭೂಮಿ ಎಂದು ತಿಳಿಯಿರಿ. ವಿಂಡೋಸ್ ಅದನ್ನು ಸಣ್ಣ ಸಣ್ಣ ತುಂಡುಗಳಾಗಿ ಹಂಚಿರುತ್ತದೆ. ಸಾಮಾನ್ಯವಾಗಿ ಒಂದು ತುಂಡಿನ ಅಳತೆ 4,096 ಬೈಟು. 5 ಮೆಗಾಬೈಟಿನ ಒಂದು ಫೋಟೊ ಇಡಲು ಇಂಥ 1,280 ತುಂಡುಗಳು ಬೇಕು. ಯಾವ ತುಂಡು ಯಾವ ಫೈಲಿಗೆ ಸೇರಿದೆ ಎಂದು ಬರೆದಿಡುವ ದಫ್ತರವೊಂದು ಅದೇ ಡಿಸ್ಕಿನಲ್ಲಿ ಇರುತ್ತದೆ. ಇಂದಿನ ವಿಂಡೋಸ್ ಕಂಪ್ಯೂಟರುಗಳಲ್ಲಿ ಅದಕ್ಕೆ ಮಾಸ್ಟರ್ ಫೈಲ್ ಟೇಬಲ್ ಎಂದು ಹೆಸರು.

ನೀವು ಫೈಲನ್ನು ಅಳಿಸಿದಾಗ ಕಂಪ್ಯೂಟರು ಹೊಲಕ್ಕೆ ಹೋಗುವುದಿಲ್ಲ. ದಫ್ತರ ತೆಗೆದು, ಈ ಫೈಲು ಈಗಿಲ್ಲ, ಇದರ ತುಂಡುಗಳು ಖಾಲಿ ಎಂದು ಗುರುತು ಹಾಕುತ್ತದೆ, ಅಷ್ಟೆ. ಉತಾರದಲ್ಲಿ ಹೆಸರು ಹೊಡೆದುಹಾಕಿದ ಮಾತ್ರಕ್ಕೆ ಹೊಲದಲ್ಲಿ ನಿಂತ ಬೆಳೆ ಬಾಡುವುದಿಲ್ಲವಲ್ಲ! ಹಾಗೆಯೇ ಫೋಟೊದ ಬೈಟುಗಳು ಇದ್ದಲ್ಲಿಯೇ ಇರುತ್ತವೆ. ಆದರೆ ದಫ್ತರದ ಪ್ರಕಾರ ಅದು ಈಗ ಖಾಲಿ ಜಮೀನು. ಇನ್ನೊಂದು ಫೈಲು ಜಾಗ ಕೇಳಿಕೊಂಡು ಬಂದರೆ ಅದಕ್ಕೆ ಈ ತುಂಡುಗಳನ್ನೇ ಕೊಡಬಹುದು. ಅದು ಬಂದು ಕೂರಿಗೆ ಹೂಡಿ ಬಿತ್ತಿದರೆ ಹಳೆಯ ಬೆಳೆ ಮಣ್ಣುಪಾಲು. ಆಮೇಲೆ ಯಾವ ತಂತ್ರಾಂಶವೂ ಅದನ್ನು ಮರಳಿ ತರಲಾರದು.

ಹೀಗೇಕೆ ಮಾಡಿದ್ದಾರೆ ಎಂದು ಕೇಳಬಹುದು. ಉತ್ತರ ಸರಳ: ಸಮಯ ಉಳಿಸಲು. ಎರಡು ತಾಸಿನ ಮದುವೆಯ ವಿಡಿಯೊದ ಪ್ರತಿಯೊಂದು ಬೈಟನ್ನೂ ಒರೆಸಲು ಹೊರಟರೆ ನಿಮಿಷಗಟ್ಟಲೆ ಹಿಡಿಯುತ್ತದೆ. ದಫ್ತರದಲ್ಲಿ ಒಂದು ಗುರುತು ಬದಲಿಸುವುದು ಕ್ಷಣದ ಕೆಲಸ.

ಹಳೆಯ ಕಾಲದ ಒಂದು ಉದಾಹರಣೆ

ಈ ವ್ಯವಸ್ಥೆ ಇಂದು ನಿನ್ನೆಯದಲ್ಲ. 1977ರ ಸುಮಾರಿಗೆ ರೂಪುಗೊಂಡ ಫ್ಯಾಟ್ ಎಂಬ ಪದ್ಧತಿಯಲ್ಲಿ, ಮುಂದೆ ಡಾಸ್ ಕಂಪ್ಯೂಟರುಗಳೆಲ್ಲ ಬಳಸಿದ ರೂಪದಲ್ಲಿ, ಫೈಲು ಅಳಿಸಿದಾಗ ಅದರ ಹೆಸರಿನ ಮೊದಲ ಅಕ್ಷರವನ್ನು ತೆಗೆದು ಅಲ್ಲಿ 229 ಎಂಬ ಸಂಖ್ಯೆಯನ್ನು ಬರೆಯುತ್ತಿದ್ದರು. ಅದು ಅಳಿಸಿದ್ದಕ್ಕೆ ಗುರುತು. ಉಳಿದ ಅಕ್ಷರಗಳು, ಫೈಲಿನ ಅಳತೆ, ಅದು ಶುರುವಾಗುವ ತುಂಡಿನ ಸಂಖ್ಯೆ ಹಾಗೆಯೇ ಉಳಿಯುತ್ತಿದ್ದವು. ಅಮೆರಿಕದ ಪೀಟರ್ ನಾರ್ಟನ್ 1982ರಲ್ಲಿ ಹೊರತಂದ ಉಪಕರಣಗಳು ಮನೆಮಾತಾದದ್ದು ಇದನ್ನು ಬಳಸಿಕೊಂಡೇ. 1991ರಲ್ಲಿ ಬಂದ ಡಾಸ್‌ನ 5ನೆಯ ಆವೃತ್ತಿಯಲ್ಲಿ ಅಳಿಸಿದ್ದನ್ನು ಮರಳಿಸುವ ಆಜ್ಞೆಯೇ ಇತ್ತು. ಅದನ್ನು ಕೊಟ್ಟರೆ ಕಂಪ್ಯೂಟರು, ಈ ಫೈಲಿನ ಮೊದಲ ಅಕ್ಷರ ಯಾವುದು ಎಂದು ನಿಮ್ಮನ್ನೇ ಕೇಳುತ್ತಿತ್ತು. ಹೆಸರಿನಲ್ಲಿ ಆ ಒಂದು ಅಕ್ಷರ ಮಾತ್ರ ನಿಜವಾಗಿ ಕಳೆದುಹೋಗಿರುತ್ತಿತ್ತು!

1995ರ ವಿಂಡೋಸ್‌ನೊಂದಿಗೆ ರಿಸೈಕಲ್ ಬಿನ್ ಎಂಬ ಕಸದ ಬುಟ್ಟಿ ಬಂತು. ಬುಟ್ಟಿಗೆ ಬಿದ್ದ ಫೈಲು ದಫ್ತರದಿಂದಲೂ ಹೋಗಿರುವುದಿಲ್ಲ, ಅದರ ವಿಳಾಸ ಮಾತ್ರ ಬದಲಾಗಿರುತ್ತದೆ. ಹಾಗಾಗಿ ಅಲ್ಲಿಂದ ತೆಗೆಯುವುದು ಸುಲಭ. ಆದರೆ ಎಲ್ಲ ಫೈಲುಗಳೂ ಬುಟ್ಟಿಗೆ ಬೀಳುವುದಿಲ್ಲ ಎಂಬುದನ್ನು ನೆನಪಿಡಿ. ಪೆನ್‌ಡ್ರೈವಿನಿಂದ ಅಳಿಸಿದ್ದು, ಶಿಫ್ಟ್ ಕೀಲಿ ಒತ್ತಿಕೊಂಡು ಅಳಿಸಿದ್ದು, ಬುಟ್ಟಿಗೆ ಹಿಡಿಸಲಾರದಷ್ಟು ದೊಡ್ಡದಾದದ್ದು ನೇರವಾಗಿ ಹೋಗಿಬಿಡುತ್ತದೆ.

ಮೊದಲು ಮಾಡಬೇಕಾದದ್ದು

ಫೈಲು ಹೋಯಿತೆಂದು ತಿಳಿದ ಕೂಡಲೆ ಆತಂಕದಿಂದ ಏನೇನೋ ಒತ್ತಲು ಹೋಗಬೇಡಿ. ಈ ಕ್ರಮವನ್ನು ಅನುಸರಿಸಿ.

1. ಅದೇ ಫೋಲ್ಡರಿನಲ್ಲಿ ಇರುವಾಗಲೇ ಕಂಟ್ರೋಲ್ ಮತ್ತು ಜೆಡ್ ಕೀಲಿಗಳನ್ನು ಒಟ್ಟಿಗೆ ಒತ್ತಿ. ಈಗತಾನೇ ಮಾಡಿದ ಕೆಲಸವನ್ನು ಇದು ಹಿಂದೆ ತೆಗೆದುಕೊಳ್ಳುತ್ತದೆ.

2. ರಿಸೈಕಲ್ ಬಿನ್ ತೆರೆದು ನೋಡಿ. ಫೈಲಿನ ಹೆಸರಿನ ಮೇಲೆ ಮೌಸಿನ ಬಲಗುಂಡಿ ಒತ್ತಿ, ರಿಸ್ಟೋರ್ ಎಂದು ಕೊಟ್ಟರೆ ಅದು ತನ್ನ ಹಳೆಯ ಜಾಗಕ್ಕೆ ಹೋಗುತ್ತದೆ.

3. ಫೈಲಿನ ಹೆಸರಿನ ಒಂದು ಭಾಗವನ್ನು ಕೊಟ್ಟು ಇಡೀ ಕಂಪ್ಯೂಟರಿನಲ್ಲಿ ಹುಡುಕಿಸಿ. ಅಳಿಸಿಹೋಯಿತೆಂದು ನಾವು ತಿಳಿದದ್ದು ಕೆಲವೊಮ್ಮೆ ಮೌಸು ಜಾರಿ ಪಕ್ಕದ ಫೋಲ್ಡರಿನೊಳಗೆ ಬಿದ್ದಿರುತ್ತದೆ.

4. ಬೇರೆಲ್ಲಿ ಪ್ರತಿ ಇರಬಹುದೆಂದು ಯೋಚಿಸಿ. ಮೇಲ್‌ನಲ್ಲಿ ಯಾರಿಗಾದರೂ ಕಳಿಸಿದ್ದಿರಾ? ವಾಟ್ಸಾಪ್‌ನಲ್ಲಿ ಹಾಕಿದ್ದಿರಾ? ಮುದ್ರಣಕ್ಕೆಂದು ಡಿಟಿಪಿ ಅಂಗಡಿಗೆ ಪೆನ್‌ಡ್ರೈವಿನಲ್ಲಿ ಕೊಟ್ಟಿದ್ದಿರಾ? ಗೂಗಲ್ ಡ್ರೈವಿನಲ್ಲಿ ಇಟ್ಟಿದ್ದರೆ ಅದರ ಕಸದ ಬುಟ್ಟಿಯಲ್ಲಿ 30 ದಿನ ಇರುತ್ತದೆ. ಗೂಗಲ್ ಫೋಟೊಸ್‌ಗೆ ಏರಿಸಿದ ಚಿತ್ರವಾದರೆ 60 ದಿನ.

ಈ ನಾಲ್ಕರಲ್ಲಿ ಯಾವುದರಿಂದಲೂ ಸಿಗಲಿಲ್ಲವೇ? ಹಾಗಾದರೆ ಆ ಕಂಪ್ಯೂಟರಿನಲ್ಲಿ ಬೇರೆ ಯಾವ ಕೆಲಸವನ್ನೂ ಮಾಡಬೇಡಿ. ಇದು ಬಹಳ ಮುಖ್ಯ. ಹೊಸ ಪತ್ರ ಟೈಪು ಮಾಡುವುದು, ಹಾಡು ಇಳಿಸಿಕೊಳ್ಳುವುದು ಇರಲಿ, ಸುಮ್ಮನೆ ಇಂಟರ್‌ನೆಟ್ಟಿನಲ್ಲಿ ಪುಟ ತಿರುವುತ್ತ ಕುಳಿತರೂ ಕಂಪ್ಯೂಟರು ತನ್ನ ಅನುಕೂಲಕ್ಕೆ ಚಿತ್ರಗಳನ್ನೂ ಪುಟಗಳನ್ನೂ ಡಿಸ್ಕಿಗೆ ಬರೆದುಕೊಳ್ಳುತ್ತಲೇ ಇರುತ್ತದೆ. ಒಂದೊಂದು ಬರಹವೂ ಖಾಲಿ ಎಂದು ಗುರುತಾದ ನಿಮ್ಮ ಹೊಲದಲ್ಲಿ ಕೂರಿಗೆ ಹೂಡಿದಂತೆ. ಕಳೆದ ಫೈಲನ್ನು ಮರಳಿಸುವ ತಂತ್ರಾಂಶವನ್ನು ಅದೇ ಡಿಸ್ಕಿಗೆ ಇಳಿಸಿಕೊಂಡು, ಅದರಿಂದಲೇ ಫೈಲನ್ನು ಮುಚ್ಚಿಹಾಕಿಬಿಡುವ ಸಾಧ್ಯತೆಯೂ ಇದೆ.

ಕ್ಯಾಮೆರಾದ ಮೆಮೊರಿ ಕಾರ್ಡಿನಿಂದ ಫೋಟೊ ಹೋಗಿದ್ದರೆ ಇನ್ನೊಂದು ಫೋಟೊ ತೆಗೆಯದೆ ಕಾರ್ಡನ್ನು ಹೊರಗೆ ತೆಗೆಯಿರಿ. ಎಸ್‌ಡಿ ಕಾರ್ಡಿನ ಪಕ್ಕದಲ್ಲಿ ಒಂದು ಸಣ್ಣ ಜಾರುಗುಂಡಿ ಇರುತ್ತದೆ. ಅದನ್ನು ಲಾಕ್ ಕಡೆಗೆ ಸರಿಸಿದರೆ ಕಂಪ್ಯೂಟರಿಗೆ ಹಾಕಿದಾಗ ಅದರ ಮೇಲೆ ಹೊಸದಾಗಿ ಬರೆಯುವುದು ತಪ್ಪುತ್ತದೆ.

ಇನ್ನೊಂದು ಎಚ್ಚರಿಕೆ. ಅಂಗಡಿಗೆ ಫೋನು ಮಾಡಿದರೆ, 'ತಗೊಂಡು ಬರ್ರಿ ಸರ, ಫಾರ್ಮ್ಯಾಟ್ ಮಾಡಿ ಕೊಡ್ತೀನ್ರಿ' ಎನ್ನುವ ಹುಡುಗರು ಎಲ್ಲ ಊರಲ್ಲೂ ಇರುತ್ತಾರೆ. ಕಂಪ್ಯೂಟರು ನಿಧಾನವಾಗಿದ್ದರೆ ಅದು ಸರಿಯಾದ ಉಪಾಯವೇ ಇರಬಹುದು. ಫೈಲು ಹುಡುಕಬೇಕಾದಾಗ ಮಾತ್ರ ಅದು ತೀರಾ ತಪ್ಪು. ಫಾರ್ಮ್ಯಾಟ್ ಮಾಡಿ ವಿಂಡೋಸನ್ನು ಹೊಸದಾಗಿ ಹಾಕಿದರೆ ಹತ್ತಾರು ಗಿಗಾಬೈಟು ಹೊಸ ಬರಹ ಅದೇ ಡಿಸ್ಕಿನ ಮೇಲೆ ಬೀಳುತ್ತದೆ. 'ಫಾರ್ಮ್ಯಾಟ್ ಬೇಡ, ಮೊದಲು ಫೈಲು ಬೇಕು' ಎಂದು ಬಾಯಿಬಿಟ್ಟು ಹೇಳಿಯೇ ಯಂತ್ರವನ್ನು ಅವರ ಕೈಗೆ ಕೊಡಿ.

ಮರಳಿಸುವ ತಂತ್ರಾಂಶಗಳು

ಈ ಕೆಲಸಕ್ಕೆ ಉಚಿತವಾಗಿ ಸಿಗುವ ಒಳ್ಳೆಯ ತಂತ್ರಾಂಶಗಳಿವೆ. ಮೈಕ್ರೋಸಾಫ್ಟ್ 2020ರಲ್ಲಿ ವಿಂಡೋಸ್ ಫೈಲ್ ರಿಕವರಿ ಎಂಬುದನ್ನು ಬಿಡುಗಡೆ ಮಾಡಿತು. ಅದರಲ್ಲಿ ಆಜ್ಞೆಗಳನ್ನು ಟೈಪು ಮಾಡಬೇಕಾದ್ದರಿಂದ ಹೊಸಬರಿಗೆ ತುಸು ಕಷ್ಟ. ರೆಕುವಾ ಎಂಬುದು ಮೌಸಿನಿಂದಲೇ ನಡೆಸಬಹುದಾದಂಥದು. ಫ್ರಾನ್ಸಿನ ಕ್ರಿಸ್ತೋಫ್ ಗ್ರೆನಿಯೆ ಬರೆದ ಫೋಟೊರೆಕ್ ಹೆಸರಿಗೆ ಫೋಟೊಗಳದ್ದಾದರೂ 480ಕ್ಕೂ ಹೆಚ್ಚು ಬಗೆಯ ಫೈಲುಗಳನ್ನು ಗುರುತಿಸುತ್ತದೆ. ಯಾವುದನ್ನು ಬಳಸಿದರೂ ನಿಯಮ ಎರಡೇ.

ಮೊದಲನೆಯದು, ತಂತ್ರಾಂಶವನ್ನು ಬೇರೆ ಕಂಪ್ಯೂಟರಿನಲ್ಲಿ ಇಳಿಸಿ, ಪೆನ್‌ಡ್ರೈವಿನಲ್ಲಿ ಹಾಕಿಕೊಂಡು ಬನ್ನಿ. ಫೈಲು ಹೋಗಿರುವ ಡಿಸ್ಕಿಗೆ ಅದನ್ನು ಹಾಕಬೇಡಿ. ಸಾಧ್ಯವಾದರೆ ಆ ಡಿಸ್ಕನ್ನೇ ಬಿಚ್ಚಿ, ಇನ್ನೊಂದು ಕಂಪ್ಯೂಟರಿಗೆ ಎರಡನೆಯ ಡಿಸ್ಕಾಗಿ ಜೋಡಿಸಿ ಹುಡುಕುವುದು ಎಲ್ಲಕ್ಕಿಂತ ಕ್ಷೇಮ. ಇತ್ತೀಚಿನ ಲ್ಯಾಪ್‌ಟಾಪುಗಳಲ್ಲಿ ಡಿಸ್ಕಿಗೆ ಗೂಢಲಿಪಿಯ ಬೀಗ ಹಾಕಿರುವುದುಂಟು. ಬಿಚ್ಚುವ ಮುನ್ನ ಬಿಟ್‌ಲಾಕರಿನ 48 ಅಂಕಿಗಳ ಕೀಲಿ ನಿಮ್ಮ ಮೈಕ್ರೋಸಾಫ್ಟ್ ಖಾತೆಯಲ್ಲಿ ಇದೆಯೇ ಎಂದು ನೋಡಿಕೊಳ್ಳಿ.

ಎರಡನೆಯದು, ಸಿಕ್ಕಿದ ಫೈಲನ್ನು ಅದೇ ಡಿಸ್ಕಿಗೆ ಉಳಿಸಬೇಡಿ. ಹೊರಗಿನ ಡಿಸ್ಕಿಗೋ ಪೆನ್‌ಡ್ರೈವಿಗೋ ಉಳಿಸಿ. ಒಂದು ಫೈಲನ್ನು ಉಳಿಸುವ ಭರದಲ್ಲಿ ಇನ್ನೂ ಸಿಗಬೇಕಾದ ಹತ್ತು ಫೈಲುಗಳ ಮೇಲೆ ಬರೆದುಬಿಡುವ ಅಪಾಯ ಇದರಿಂದ ತಪ್ಪುತ್ತದೆ.

ಉಚಿತವೆಂದು ಹುಡುಕಿಸಿ, ಫೈಲುಗಳ ಪಟ್ಟಿ ತೋರಿಸಿ, ಉಳಿಸುವ ಹೊತ್ತಿಗೆ ಸಾವಿರಾರು ರೂಪಾಯಿ ಕೇಳುವ ತಂತ್ರಾಂಶಗಳೂ ಇವೆ. ಪಟ್ಟಿಯಲ್ಲಿ ಹೆಸರು ಕಂಡ ಮಾತ್ರಕ್ಕೆ ಫೈಲು ಇದೆ ಎಂದಲ್ಲ. ದಫ್ತರದಲ್ಲಿ ಹೆಸರು ಉಳಿದು, ಹೊಲದಲ್ಲಿ ಬೆಳೆ ಹೋಗಿರಬಹುದು. ಫೈಲಿನ ಒಳಗನ್ನು ಮುಂಚಿತವಾಗಿ ತೋರಿಸದ ತಂತ್ರಾಂಶಕ್ಕೆ ಹಣ ಕೊಡಬೇಡಿ.

ಹೆಸರೇ ಉಳಿಯದಿದ್ದರೆ?

ದಫ್ತರದ ಪುಟವೇ ಹಾಳಾಗಿದ್ದರೆ ಏನು ಗತಿ? ಆಗಲೂ ಒಂದು ದಾರಿ ಇದೆ. ಕಿತ್ತೂರಿನ ಕೋಟೆಯೊಳಗೆ ಹೋದವರು ರಾಣಿ ಚನ್ನಮ್ಮನ ಅರಮನೆಯ ಅವಶೇಷಗಳನ್ನು ನೋಡಿರುತ್ತೀರಿ. ಮಾಳಿಗೆ ಇಲ್ಲ, ಬಾಗಿಲುಗಳಿಲ್ಲ. ಆದರೂ ನೆಲಗಟ್ಟು, ಗೋಡೆಗಳ ಬುಡ, ನೀರಿನ ವ್ಯವಸ್ಥೆಗಳನ್ನು ನೋಡಿ, ಸ್ನಾನಗೃಹ ಇಲ್ಲಿತ್ತು, ಅಡುಗೆಮನೆ ಅಲ್ಲಿತ್ತು ಎಂದು ಹೇಳಲು ಬರುತ್ತದೆ. ಕೋಣೆಯ ಮೇಲೆ ಹೆಸರು ಬರೆದಿರಬೇಕಾಗಿಲ್ಲ, ಅದರ ಆಕಾರವೇ ಹೇಳುತ್ತದೆ.

ಫೈಲುಗಳಿಗೂ ಇಂಥ ಆಕಾರವಿದೆ. ಸಾಮಾನ್ಯ ಜೆಪೆಗ್ ಫೋಟೊ ಫೈಲಿನ ಮೊದಲ ಎರಡು ಬೈಟುಗಳು ಯಾವಾಗಲೂ 255 ಮತ್ತು 216. ಪಿಡಿಎಫ್ ಫೈಲು ಶುರುವಾಗುವುದು ಶೇಕಡಾ ಚಿಹ್ನೆ ಮತ್ತು ಪಿಡಿಎಫ್ ಎಂಬ ಮೂರು ಅಕ್ಷರಗಳಿಂದ. ಇಂದಿನ ವರ್ಡ್ ಮತ್ತು ಎಕ್ಸೆಲ್ ಫೈಲುಗಳ ಆರಂಭದಲ್ಲಿ ಪಿ ಮತ್ತು ಕೆ ಎಂಬ ಅಕ್ಷರಗಳಿರುತ್ತವೆ. ಅವು ಒಳಗೊಳಗೆ ಜಿಪ್ ಕಟ್ಟುಗಳು. ಜಿಪ್ ವಿಧಾನವನ್ನು ರೂಪಿಸಿದ ಫಿಲ್ ಕಾಟ್ಸ್ ತಮ್ಮ ಹೆಸರಿನ ಮೊದಲಕ್ಷರಗಳನ್ನು ಅಲ್ಲಿ ಇಟ್ಟರು. ಫೋಟೊರೆಕ್‌ನಂಥ ತಂತ್ರಾಂಶ ದಫ್ತರವನ್ನು ನಂಬದೆ ಡಿಸ್ಕಿನ ತುಂಡುಗಳನ್ನು ಒಂದೊಂದಾಗಿ ಓದುತ್ತ ಈ ಗುರುತುಗಳನ್ನು ಹುಡುಕುತ್ತದೆ.

ಈ ವಿಧಾನಕ್ಕೆ ಎರಡು ಮಿತಿಗಳಿವೆ. ಸಿಕ್ಕ ಫೈಲುಗಳಿಗೆ ಹಳೆಯ ಹೆಸರು ಇರುವುದಿಲ್ಲ, ಬರೀ ಸಂಖ್ಯೆ ಇರುತ್ತದೆ. ಸಾವಿರಾರು ಫೈಲುಗಳ ನಡುವೆ ನಿಮ್ಮದನ್ನು ನೀವೇ ಹುಡುಕಬೇಕು. ಫೋಟೊಗಳಾದರೆ ತೆಗೆದ ದಿನಾಂಕವನ್ನು ಕ್ಯಾಮೆರಾ ಅದರೊಳಗೇ ಬರೆದಿರುವುದರಿಂದ ದಿನಾಂಕದ ಪ್ರಕಾರ ಜೋಡಿಸಿಕೊಳ್ಳಬಹುದು. ಇನ್ನೊಂದು, ಒಂದು ಫೈಲಿನ ತುಂಡುಗಳು ಡಿಸ್ಕಿನ ಬೇರೆ ಬೇರೆ ಮೂಲೆಗಳಲ್ಲಿ ಚದುರಿದ್ದರೆ ಮೊದಲ ಭಾಗ ಮಾತ್ರ ಸರಿಯಾಗಿ ಸಿಗುತ್ತದೆ. ಮರಳಿ ಬಂದ ಫೋಟೊದಲ್ಲಿ ತಲೆ ಕಂಡು, ಕೆಳಗಿನ ಅರ್ಧ ಬೂದುಬಣ್ಣವಾಗಿದ್ದರೆ ಕಾರಣ ಇದೇ.

ಕನ್ನಡ ಫೈಲುಗಳ ವಿಶೇಷ

ಇಲ್ಲೊಂದು ವಿಷಯವನ್ನು ಕನ್ನಡದಲ್ಲಿ ಬರೆಯುವವರು ಗಮನಿಸಬೇಕು. ಹಿಂದಿನ ನುಡಿ, ಬರಹ ತಂತ್ರಾಂಶಗಳಲ್ಲಿ ಯೂನಿಕೋಡ್ ಅಲ್ಲದ ಅಕ್ಷರಶೈಲಿಗಳಿಂದ ಟೈಪು ಮಾಡಿದ ಲಕ್ಷಗಟ್ಟಲೆ ಪುಟಗಳು ನಮ್ಮ ಮನೆಗಳಲ್ಲಿ, ಕಚೇರಿಗಳಲ್ಲಿ, ಡಿಟಿಪಿ ಅಂಗಡಿಗಳಲ್ಲಿ ಇವೆ. ಆ ಪದ್ಧತಿಯಲ್ಲಿ ಡಿಸ್ಕಿನ ಮೇಲೆ ಕನ್ನಡ ಇರುವುದಿಲ್ಲ. ಇಂಗ್ಲಿಷ್ ಲಿಪಿಯ ಸಂಕೇತಗಳಿರುತ್ತವೆ, ಅಕ್ಷರಶೈಲಿ ಅವುಗಳಿಗೆ ಕನ್ನಡದ ಆಕಾರ ತೊಡಿಸುತ್ತದೆ.

ಆದ್ದರಿಂದ ಮರಳಿ ಸಿಕ್ಕ ಫೈಲನ್ನು ತೆರೆದಾಗ ಕನ್ನಡದ ಬದಲು ಇಂಗ್ಲಿಷ್ ಅಕ್ಷರಗಳು, ತಲೆಯ ಮೇಲೆ ಗೆರೆಯಿರುವ ವಿಚಿತ್ರ ಚಿಹ್ನೆಗಳು, ನಡುನಡುವೆ ಪೌಂಡಿನ ಗುರುತು ಕಾಣಬಹುದು. ನೋಡಿದವರು, ಫೈಲು ಕೆಟ್ಟಿದೆ, ಬಿಸಾಡಿ ಎಂದು ಹೇಳಿಬಿಡುತ್ತಾರೆ. ಬಿಸಾಡಬೇಡಿ! ಇಡೀ ಬರಹವನ್ನು ಆಯ್ದು, ಟೈಪು ಮಾಡಿದಾಗ ಬಳಸಿದ್ದ ನುಡಿ ಅಥವಾ ಬರಹದ ಅಕ್ಷರಶೈಲಿಯನ್ನು ಕೊಟ್ಟು ನೋಡಿ. ಅಜ್ಜನ ಲಾವಣಿಗಳ ಸಂಗ್ರಹವೋ, ಸಂಘದ ಹತ್ತು ವರ್ಷದ ನಡಾವಳಿಯೋ ಪೂರ್ತಿ ಕನ್ನಡವಾಗಿ ಎದ್ದು ನಿಲ್ಲಬಹುದು. ಆಮೇಲೆ ಪರಿವರ್ತಕದ ನೆರವಿನಿಂದ ಅದನ್ನು ಯೂನಿಕೋಡಿಗೆ ಬದಲಿಸಿಟ್ಟುಕೊಳ್ಳಿ.

ಇದೇ ಕಾರಣಕ್ಕೆ, ಸಿಕ್ಕ ಫೈಲುಗಳ ರಾಶಿಯಲ್ಲಿ ಈಗಿನ ಯೂನಿಕೋಡ್ ಕನ್ನಡದಲ್ಲಿ 'ರಾಮದುರ್ಗ' ಎಂದು ಟೈಪು ಮಾಡಿ ಹುಡುಕಿದರೆ ಹಳೆಯ ನುಡಿ ಫೈಲು ಸಿಗುವುದಿಲ್ಲ. ಅದೇ ಹಳೆಯ ಪದ್ಧತಿಯಲ್ಲಿ ಟೈಪು ಮಾಡಿದ ಪದವನ್ನು ನಕಲಿಸಿ ಹುಡುಕಬೇಕು.

ಹೊಸ ಕಂಪ್ಯೂಟರುಗಳ ಕಥೆ ಬೇರೆ

ಇದುವರೆಗೆ ಹೇಳಿದ್ದು ತಿರುಗುವ ತಟ್ಟೆಯ ಹಾರ್ಡ್ ಡಿಸ್ಕಿಗೆ, ಪೆನ್‌ಡ್ರೈವಿಗೆ, ಮೆಮೊರಿ ಕಾರ್ಡಿಗೆ ಬಹುಮಟ್ಟಿಗೆ ಒಪ್ಪುತ್ತದೆ. ಆದರೆ ಈಗ ಮಾರಾಟವಾಗುವ ಲ್ಯಾಪ್‌ಟಾಪುಗಳಲ್ಲಿ ಸಾಮಾನ್ಯವಾಗಿ ಇರುವುದು ಎಸ್‌ಎಸ್‌ಡಿ, ಅಂದರೆ ತಿರುಗುವ ಭಾಗಗಳಿಲ್ಲದ ಡಿಸ್ಕು. ಅದು ವೇಗವಾಗಿ ಕೆಲಸ ಮಾಡುತ್ತದೆ, ಕುಲುಕಾಟಕ್ಕೆ ಸುಲಭವಾಗಿ ಜಗ್ಗುವುದಿಲ್ಲ. ಅಳಿಸಿದ ಫೈಲಿನ ವಿಷಯದಲ್ಲಿ ಮಾತ್ರ ಅದು ನಿರ್ದಯಿ.

ಕಾರಣ ಹೀಗಿದೆ. ಎಸ್‌ಎಸ್‌ಡಿಯ ಒಳಗಿರುವ ಫ್ಲ್ಯಾಶ್ ಸ್ಮೃತಿಯಲ್ಲಿ ಹಳೆಯದರ ಮೇಲೆ ನೇರವಾಗಿ ಹೊಸದನ್ನು ಬರೆಯಲು ಬರುವುದಿಲ್ಲ. ಮೊದಲು ಆ ಜಾಗವನ್ನು ಒಂದು ದೊಡ್ಡ ಪಟ್ಟಿಯಾಗಿ ಪೂರ್ತಿ ಒರೆಸಬೇಕು, ಆಮೇಲೆ ಬರೆಯಬೇಕು. ಬರೆಯುವ ಹೊತ್ತಿಗೆ ಒರೆಸುತ್ತ ಕುಳಿತರೆ ವೇಗ ಕುಂದುತ್ತದೆ. ಅದಕ್ಕಾಗಿ, ಫೈಲು ಅಳಿಸಿದ ಕೂಡಲೆ ವಿಂಡೋಸು, ಈ ತುಂಡುಗಳು ಇನ್ನು ಬೇಡ ಎಂದು ಡಿಸ್ಕಿಗೆ ತಿಳಿಸುತ್ತದೆ. ಈ ಸಂದೇಶಕ್ಕೆ ಟ್ರಿಮ್ ಎಂದು ಹೆಸರು. 2009ರ ವಿಂಡೋಸ್ 7ರಿಂದ ಇದು ಇದೆ. ಸಂದೇಶ ಸಿಕ್ಕ ಮೇಲೆ ಡಿಸ್ಕು ಬಿಡುವಿದ್ದಾಗ ತಾನಾಗಿಯೇ ಆ ಜಾಗವನ್ನು ಒರೆಸಿಟ್ಟುಕೊಳ್ಳುತ್ತದೆ. ಉತಾರದಲ್ಲಿ ಹೆಸರು ಹೊಡೆದ ಗಳಿಗೆಯಲ್ಲೇ ಹೊಲಕ್ಕೆ ಸುದ್ದಿ ಮುಟ್ಟಿ, ಹೊಸ ಒಕ್ಕಲಿಗ ಬರುವ ಮುಂಚೆಯೇ ಟ್ರ್ಯಾಕ್ಟರು ಹರಗಿ ಹೋದಂತೆ. ಸಂದೇಶ ಹೋದ ಮೇಲೆ, ಒರೆಸುವುದು ಇನ್ನೂ ಬಾಕಿಯಿದ್ದರೂ, ಅನೇಕ ಡಿಸ್ಕುಗಳು ಆ ಜಾಗವನ್ನು ಕೇಳಿದರೆ ಬರೀ ಸೊನ್ನೆಗಳನ್ನೇ ತೋರಿಸುತ್ತವೆ.

ನಿಮ್ಮ ಯಂತ್ರದಲ್ಲಿ ಯಾವುದಿದೆ ಎಂದು ಇಂದೇ ನೋಡಿಕೊಳ್ಳಿ. ವಿಂಡೋಸ್ 10 ಅಥವಾ 11ರಲ್ಲಿ ಟಾಸ್ಕ್ ಮ್ಯಾನೇಜರ್ ತೆರೆದು ಪರ್ಫಾರ್ಮೆನ್ಸ್ ವಿಭಾಗಕ್ಕೆ ಹೋದರೆ ಡಿಸ್ಕಿನ ಹೆಸರಿನ ಬಳಿ ಎಚ್‌ಡಿಡಿ ಅಥವಾ ಎಸ್‌ಎಸ್‌ಡಿ ಎಂದು ಬರೆದಿರುತ್ತದೆ. ಎಸ್‌ಎಸ್‌ಡಿ ಇದ್ದು, ಫೈಲು ಬುಟ್ಟಿಯಿಂದಲೂ ಹೋಗಿದ್ದರೆ ಅದು ಮರಳುವ ಆಸೆ ಬಹಳ ಕಡಿಮೆ. ಪ್ರಯತ್ನ ಮಾಡಿ ನೋಡಬಹುದು, ಆದರೆ 'ಖಂಡಿತ ತೆಗೆದುಕೊಡುತ್ತೇವೆ' ಎಂದು ಮುಂಗಡ ಹಣ ಕೇಳುವವರನ್ನು ನಂಬಬೇಡಿ.

ಅಳಿಸುವುದು ಬೇರೆ, ಕೆಡುವುದು ಬೇರೆ

ಡಿಸ್ಕೇ ಟಕ್ ಟಕ್ ಎಂದು ಸದ್ದು ಮಾಡುತ್ತಿದ್ದರೆ, ಕೈಜಾರಿ ಬಿದ್ದಿದ್ದರೆ ಅಥವಾ ನೀರಿನಲ್ಲಿ ನೆನೆದಿದ್ದರೆ ಮೇಲಿನ ಯಾವ ತಂತ್ರಾಂಶವನ್ನೂ ಓಡಿಸಬೇಡಿ. ಹಾರ್ಡ್ ಡಿಸ್ಕಿನ ಓದುವ ತಲೆ ತಿರುಗುವ ತಟ್ಟೆಗೆ ತಾಗದೆ, ಕೂದಲಿನ ದಪ್ಪಕ್ಕಿಂತ ಎಷ್ಟೋ ಪಾಲು ಕಡಿಮೆ ಅಂತರದಲ್ಲಿ ತೇಲುತ್ತಿರುತ್ತದೆ. ಅದು ಕೆಟ್ಟಿರುವಾಗ ಡಿಸ್ಕು ಓಡಿಸಿದಷ್ಟೂ ತಟ್ಟೆಯನ್ನು ಗೀರುತ್ತದೆ. ವಿದ್ಯುತ್ತು ತೆಗೆದು, ಬಿಚ್ಚದೆ, ಬಿಸಿಲಿಗೂ ಒಲೆಗೂ ಹಿಡಿಯದೆ, ಧೂಳಿಲ್ಲದ ಕೋಣೆಯಲ್ಲಿ ಡಿಸ್ಕು ತೆರೆಯುವ ಸೌಲಭ್ಯವಿರುವ ಪ್ರಯೋಗಾಲಯಕ್ಕೆ ಕೊಡಿ. ಖರ್ಚು ಹೆಚ್ಚು. ಆ ಫೈಲಿನ ಬೆಲೆ ಎಷ್ಟೆಂದು ನೀವೇ ತೀರ್ಮಾನಿಸಬೇಕು.

ಹಾಗೆಯೇ, ಹಳೆಯ ಫೈಲಿನ ಮೇಲೆ ಅದೇ ಹೆಸರಿನಲ್ಲಿ ಹೊಸದನ್ನು ಉಳಿಸಿಬಿಟ್ಟರೆ ಅದು ಬುಟ್ಟಿಗೆ ಹೋಗುವುದಿಲ್ಲ. ಹಿಂದಿನ ಆವೃತ್ತಿಗಳನ್ನು ಇಟ್ಟುಕೊಳ್ಳುವ ವ್ಯವಸ್ಥೆಯನ್ನು ನೀವು ಮೊದಲೇ ಚಾಲೂ ಮಾಡಿದ್ದರೆ ಅಲ್ಲಿಂದ ಪಡೆಯಬಹುದು. ವಿಂಡೋಸಿನಲ್ಲಿ ಅದಕ್ಕೆ ಫೈಲ್ ಹಿಸ್ಟರಿ ಎನ್ನುತ್ತಾರೆ.

ಪ್ರತಿಯೇ ನಿಜವಾದ ಪರಿಹಾರ

1998ರಲ್ಲಿ ಅಮೆರಿಕದ ಪಿಕ್ಸರ್ ಸ್ಟುಡಿಯೊದಲ್ಲಿ 'ಟಾಯ್ ಸ್ಟೋರಿ 2' ಚಿತ್ರ ತಯಾರಾಗುತ್ತಿತ್ತು. ಯಾರೋ ಕೊಟ್ಟ ಒಂದು ತಪ್ಪು ಆಜ್ಞೆಯಿಂದ ಚಿತ್ರದ ಫೈಲುಗಳು ಕಣ್ಣೆದುರೇ ಮಾಯವಾಗತೊಡಗಿದವು. ಬ್ಯಾಕಪ್ ಇದೆಯಲ್ಲ ಎಂದು ತೆಗೆದು ನೋಡಿದರೆ ಅದು ಸರಿಯಾಗಿ ದಾಖಲಾಗಿರಲೇ ಇಲ್ಲ. ಚಿತ್ರದ ತಾಂತ್ರಿಕ ಮೇಲ್ವಿಚಾರಕಿ ಗ್ಯಾಲಿನ್ ಸಸ್ಮನ್ ಹೆರಿಗೆಯ ನಂತರ ಮನೆಯಿಂದಲೇ ಕೆಲಸ ಮಾಡುತ್ತಿದ್ದರು. ಅವರ ಮನೆಯ ಕಂಪ್ಯೂಟರಿನಲ್ಲಿ ಚಿತ್ರದ ಒಂದು ಪ್ರತಿ ಇತ್ತು. ಆ ಕಂಪ್ಯೂಟರನ್ನು ಕಂಬಳಿಯಲ್ಲಿ ಸುತ್ತಿ ಕಾರಿನಲ್ಲಿ ಸ್ಟುಡಿಯೊಕ್ಕೆ ತಂದರು. ಕೆಲಸ ಮುಂದುವರಿದು 1999ರ ನವೆಂಬರಿನಲ್ಲಿ ಚಿತ್ರ ಬಿಡುಗಡೆಯಾಯಿತು. ಅಷ್ಟು ದೊಡ್ಡ ಸಂಸ್ಥೆಯನ್ನು ಉಳಿಸಿದ್ದು ಬೇರೊಂದು ಜಾಗದಲ್ಲಿದ್ದ ಪ್ರತಿ. ಅವರನ್ನು ಅಪಾಯಕ್ಕೆ ತಳ್ಳಿದ್ದು ತೆರೆದು ಪರೀಕ್ಷಿಸದ ಬ್ಯಾಕಪ್.

ಪೀಟರ್ ಕ್ರೋಗ್ ಎಂಬ ಛಾಯಾಗ್ರಾಹಕರು ಪ್ರಚಾರಕ್ಕೆ ತಂದ 3-2-1 ಎಂಬ ಸೂತ್ರ ಮನೆಗಳಿಗೂ ಸರಿಹೊಂದುತ್ತದೆ. ಬೇಕಾದ ಫೈಲಿಗೆ ಮೂರು ಪ್ರತಿ ಇರಲಿ, ಅವು ಎರಡು ಬಗೆಯ ಸಾಧನಗಳಲ್ಲಿರಲಿ, ಒಂದು ಪ್ರತಿ ಮನೆಯ ಹೊರಗಿರಲಿ. ಮೂರನೆಯ ಮಾತನ್ನು ಮಲಪ್ರಭೆಯ ದಂಡೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. 2019ರ ಆಗಸ್ಟಿನಲ್ಲಿ ಹೊಳೆ ಉಕ್ಕಿ ರಾಮದುರ್ಗ ಮತ್ತು ಸುತ್ತಲಿನ ಊರುಗಳ ಮನೆಗಳಿಗೆ ನೀರು ನುಗ್ಗಿದ್ದು ನೆನಪಿರಬಹುದು. ಅಂಥ ಹೊತ್ತಿನಲ್ಲಿ ಕಂಪ್ಯೂಟರು ಮತ್ತು ಅದರ ಪಕ್ಕದ ಡ್ರಾಯರಿನಲ್ಲಿಟ್ಟ ಪೆನ್‌ಡ್ರೈವು ಎರಡೂ ಒಟ್ಟಿಗೆ ನೆನೆಯುತ್ತವೆ. ಒಂದು ಡಿಸ್ಕನ್ನು ಧಾರವಾಡದ ಮಗಳ ಮನೆಯಲ್ಲೋ ಬೆಳಗಾವಿಯ ಅಣ್ಣನ ಮನೆಯಲ್ಲೋ ಇಟ್ಟಿರಿ. ಇಲ್ಲವಾದರೆ ಮುಖ್ಯವಾದವುಗಳನ್ನಾದರೂ ಇಂಟರ್‌ನೆಟ್ ಸಂಗ್ರಹಕ್ಕೆ ಏರಿಸಿ.

ಯಾವಾಗ ಪ್ರತಿ ತೆಗೆಯಬೇಕು? ನಮ್ಮ ಕಡೆಯ ವ್ಯಾಪಾರಿಗಳು ದೀಪಾವಳಿಯಲ್ಲಿ ಲೆಕ್ಕದ ಪುಸ್ತಕಗಳನ್ನು ಪೂಜೆಗೆ ಇಡುತ್ತಾರೆ. ಆ ದಿನ ಕಂಪ್ಯೂಟರಿಗೂ ಕುಂಕುಮ ಹಚ್ಚುವವರಿದ್ದಾರೆ. ಕುಂಕುಮ ಹಚ್ಚುವ ಮುನ್ನ ಒಂದು ಪ್ರತಿ ತೆಗೆದಿಡಿ. ಆರ್ಥಿಕ ವರ್ಷ ಮುಗಿಯುವ ಮಾರ್ಚ್ 31 ಇನ್ನೊಂದು ದಿನ. 2011ರಿಂದ ಅದೇ ದಿನವನ್ನು ವಿಶ್ವ ಬ್ಯಾಕಪ್ ದಿನವೆಂದು ಆಚರಿಸುತ್ತಾರೆ. ದಿನವೂ ಲೆಕ್ಕ ಬರೆಯುವವರಿಗೆ ಇದು ಸಾಲದು, ವಾರಕ್ಕೊಮ್ಮೆ ಬೇಕೇ ಬೇಕು. ಪ್ರತಿ ತೆಗೆದ ಮೇಲೆ ಅದರಿಂದ ಎರಡು-ಮೂರು ಫೈಲುಗಳನ್ನು ತೆರೆದು ನೋಡುವುದನ್ನು ಮರೆಯಬೇಡಿ.

ಕೆಲವು ಪ್ರಶ್ನೆಗಳು

ಪ್ರಶ್ನೆ: ಮೊಬೈಲಿನಿಂದ ಅಳಿಸಿದ ಫೋಟೊಗಳಿಗೂ ಈ ತಂತ್ರಾಂಶಗಳು ನಡೆಯುತ್ತವೆಯೇ?

ಉತ್ತರ: ಫೋನಿನ ಒಳಗಿನ ಸಂಗ್ರಹಕ್ಕೆ ನಡೆಯುವುದು ಕಷ್ಟ. ಅದೂ ಫ್ಲ್ಯಾಶ್ ಸ್ಮೃತಿ, ಜೊತೆಗೆ ಗೂಢಲಿಪಿಯಲ್ಲಿ ಬರೆದಿರುತ್ತದೆ. ಗ್ಯಾಲರಿಯ ಕಸದ ಬುಟ್ಟಿ ಮತ್ತು ಗೂಗಲ್ ಫೋಟೊಸ್ ನೋಡಿ. ಫೋನಿಗೆ ಹಾಕಿದ ಮೆಮೊರಿ ಕಾರ್ಡಿನಲ್ಲಿದ್ದರೆ ಕಾರ್ಡು ತೆಗೆದು ಕಂಪ್ಯೂಟರಿಗೆ ಹಾಕಿ ಪ್ರಯತ್ನಿಸಬಹುದು.

ಪ್ರಶ್ನೆ: ಹಳೆಯ ಕಂಪ್ಯೂಟರನ್ನು ಮಾರುತ್ತಿದ್ದೇವೆ. ಎಲ್ಲ ಅಳಿಸಿ ಕೊಟ್ಟರೆ ಸಾಕೇ?

ಉತ್ತರ: ಸಾಲದು. ನಿಮ್ಮ ಫೈಲು ನಿಮಗೆ ಮರಳಿ ಸಿಗುವ ದಾರಿಯಲ್ಲೇ ಕೊಂಡವರಿಗೂ ಸಿಗುತ್ತದೆ. ಬ್ಯಾಂಕಿನ ಕಾಗದ, ಆಧಾರ್ ಪ್ರತಿಗಳಿದ್ದರೆ ಜೋಕೆ. ಹಾರ್ಡ್ ಡಿಸ್ಕಾದರೆ ಕ್ವಿಕ್ ಫಾರ್ಮ್ಯಾಟ್ ಮಾಡದೆ ಪೂರ್ಣ ಫಾರ್ಮ್ಯಾಟ್ ಮಾಡಿ. ವಿಂಡೋಸ್ ವಿಸ್ಟಾದಿಂದೀಚೆಗೆ ಪೂರ್ಣ ಫಾರ್ಮ್ಯಾಟ್ ಇಡೀ ಡಿಸ್ಕಿನ ಮೇಲೆ ಸೊನ್ನೆ ಬರೆಯುತ್ತದೆ.

ಪ್ರಶ್ನೆ: ಪೆನ್‌ಡ್ರೈವು ಹಾಕಿದಾಗ 'ಫಾರ್ಮ್ಯಾಟ್ ಮಾಡಬೇಕೇ' ಎಂದು ಕೇಳುತ್ತದೆ. ಏನು ಮಾಡಲಿ?

ಉತ್ತರ: ಬೇಡ ಎನ್ನಿ. ದಫ್ತರ ಹಾಳಾಗಿದೆ ಎಂದಷ್ಟೇ ಅದರ ಅರ್ಥ. ಪೆನ್‌ಡ್ರೈವನ್ನು ಸುರಕ್ಷಿತವಾಗಿ ಹೊರತೆಗೆಯದೆ ಎಳೆದುಬಿಟ್ಟರೆ ಹೀಗಾಗುವುದುಂಟು. ಮೊದಲು ಫೋಟೊರೆಕ್‌ನಂಥ ತಂತ್ರಾಂಶದಿಂದ ಫೈಲುಗಳನ್ನು ಬೇರೆ ಕಡೆಗೆ ತೆಗೆದುಕೊಂಡು, ಆಮೇಲೆ ಫಾರ್ಮ್ಯಾಟ್ ಮಾಡಿ.

ಈ ಪುಟವನ್ನು ಕತ್ತರಿಸಿ ಕಂಪ್ಯೂಟರಿನ ಬಳಿ ಇಟ್ಟುಕೊಂಡರೆ ಒಳ್ಳೆಯದು. ಫೈಲು ಹೋದ ದಿನ ಇಂಟರ್‌ನೆಟ್ಟಿನಲ್ಲಿ ಉಪಾಯ ಹುಡುಕಲು ಅದೇ ಕಂಪ್ಯೂಟರನ್ನು ತೆರೆಯುವಂತಿಲ್ಲವಲ್ಲ!